150 ರೂಪಾಯಿಯ ಗೈಡ್ ಮತ್ತು ಓರೆಯಾದ ಅಲಗು

ಈ ಕೀಸುಳಿಯ ಅಲಗನ್ನು ನೋಡಿ. ಪಕ್ಕಕ್ಕೆ ಮೂಲೆಮಟ್ಟ ಹಿಡಿದು ಬೆಳಕಿಗೆ ಎತ್ತಿದ್ದೇನೆ. ಎಡ ತುದಿ ಮಟ್ಟಕ್ಕೆ ತಾಗಿ ನಿಂತಿದೆ. ಬಲ ತುದಿಯಲ್ಲಿ ಬೆಳಕು ಆರಾಮವಾಗಿ ಒಳಗೆ ಬರುತ್ತಿದೆ. ಅರ್ಧ ಗಂಟೆ ಮಸೆದು ಗಳಿಸಿದ ಫಲ ಇದು! ಕೈಯಲ್ಲೇ ಮಸೆದಿದ್ದರೆ ನನ್ನನ್ನೇ ಬೈದುಕೊಳ್ಳುತ್ತಿದ್ದೆ. ಆದರೆ ಇದು ಗೈಡ್‌ನಲ್ಲಿ, ಅಂದರೆ ಮಸೆಯುವಾಗ ಅಲಗನ್ನು ಒಂದೇ ಕೋನದಲ್ಲಿ ಹಿಡಿದಿಡುವ ಸಲಕರಣೆಯಲ್ಲಿ ಹಿಡಿದು ಮಸೆದದ್ದು.

ಗೈಡ್ ಇದೇ. ಬೆಂಗಳೂರಿನ ಸಂಡೇ ಬಜಾರ್‌ನಲ್ಲಿ, ತುಕ್ಕು ಹಿಡಿದ ಸ್ಪ್ಯಾನರ್‌ಗಳ ರಾಶಿಯ ಕೆಳಗೆ ಸಿಕ್ಕಿತು. ಇನ್ನೂರು ಹೇಳಿದರು, ನೂರೈವತ್ತಕ್ಕೆ ಕೊಟ್ಟರು. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ತಯಾರಾಗುತ್ತಿದ್ದ ಎಕ್ಲಿಪ್ಸ್ 36 ಎಂಬ ಹಳೆಯ ಗೈಡ್‌ನ ನಕಲು. ಆ ವಿನ್ಯಾಸವನ್ನು ಎಷ್ಟು ಮಂದಿ ನಕಲು ಮಾಡಿದ್ದಾರೋ ಲೆಕ್ಕವಿಲ್ಲ. ರಚನೆ ಸರಳ: ಎರಡು ದವಡೆ, ಅವುಗಳನ್ನು ಹತ್ತಿರಕ್ಕೆ ಎಳೆಯುವ ಒಂದು ತಿರುಪು, ಕೆಳಗೆ ಒಂದು ಪುಟ್ಟ ರೋಲರ್. ಅಗಲವಾದ ಕೀಸುಳಿ ಅಲಗು ದವಡೆಗಳ ಮೇಲಿನ ಮೆಟ್ಟಿಲಲ್ಲಿ ಕೂರುತ್ತದೆ, ಉಳಿ ಕೆಳಗೆ ಕೊರೆದ ಸೀಳಿನಲ್ಲಿ. ಅಲಗು ಎಷ್ಟು ಮುಂದಕ್ಕೆ ಚಾಚಿರುತ್ತದೆ ಎಂಬುದರ ಮೇಲೆ ಕೋನ ನಿಲ್ಲುತ್ತದೆ. ಕೀಸುಳಿ ಅಲಗಿಗೆ 38 ಮಿಲಿಮೀಟರ್ ಇಟ್ಟರೆ 30 ಡಿಗ್ರಿ, 50 ಇಟ್ಟರೆ 25. ಉಳಿ ಕೆಳಗೆ ಕೂರುವುದರಿಂದ ಅದೇ ಕೋನಗಳಿಗೆ 30 ಮತ್ತು 40 ಮಿಲಿಮೀಟರ್. ಈ ಅಂಕಿಗಳನ್ನು ನಾನು ಮೇಜಿನ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಟ್ಟಿದ್ದೇನೆ. ಮನೆಯವರು ಒರೆಸುತ್ತಾರೆ, ನಾನು ಮತ್ತೆ ಬರೆಯುತ್ತೇನೆ.

ಮೊದಲು ಕಣ್ಣಿಗೆ ಬಿದ್ದ ದೋಷ ರೋಲರ್‌ನದು. ತಿರುಗುತ್ತಲೇ ಇರಲಿಲ್ಲ. ಹಳೆಯ ಎಣ್ಣೆ, ಕಲ್ಲಿನ ಪುಡಿ, ಉಕ್ಕಿನ ಪುಡಿ ಎಲ್ಲವೂ ಸೇರಿ ಅಚ್ಚಿನ ಸುತ್ತ ಗೋಂದಿನಂತೆ ಗಟ್ಟಿಯಾಗಿತ್ತು. ಒಂದು ರಾತ್ರಿ ಸೀಮೆಎಣ್ಣೆಯಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ, ಹೊಲಿಗೆ ಯಂತ್ರದ ಎಣ್ಣೆಯನ್ನು ಒಂದೇ ಹನಿ ಬಿಟ್ಟೆ. ತಿರುಗಿತು. ತಿರುಗದ ರೋಲರ್ ಕಲ್ಲಿನ ಮೇಲೆ ಉಜ್ಜಿ ಉಜ್ಜಿ ಒಂದು ಕಡೆ ಚಪ್ಪಟೆಯಾಗಿಬಿಡುತ್ತದೆ, ಆಮೇಲೆ ಪ್ರತಿ ಸುತ್ತಿಗೂ ಕೋನ ಬದಲಾಗುತ್ತದೆ. ಅದೃಷ್ಟಕ್ಕೆ ನನ್ನದು ಆ ಮಟ್ಟಕ್ಕೆ ಹೋಗಿರಲಿಲ್ಲ.

ಎಲ್ಲ ಸರಿಹೋಯಿತು ಅಂದುಕೊಂಡು ಮಸೆದೆ. ಮತ್ತೆ ಓರೆ!

ಇಲ್ಲಿ ಸ್ವಲ್ಪ ತಾಳ್ಮೆ ಬೇಕಾಯಿತು. ಅಲಗಿನ ಇಳಿಜಾರಿಗೆ ಮಾರ್ಕರ್ ಪೆನ್ನಿನಿಂದ ಕಪ್ಪು ಬಳಿದು ಕಲ್ಲಿನ ಮೇಲೆ ಎರಡೇ ಬಾರಿ ಎಳೆದೆ. ಕಪ್ಪು ಹೋದದ್ದು ಬಲ ಮೂಲೆಯಲ್ಲಿ ಮಾತ್ರ. ಅಂದರೆ ಬಲ ಮೂಲೆ ಮೊದಲು ಕಲ್ಲಿಗೆ ತಾಗುತ್ತಿದೆ. ತಪ್ಪು ಕಲ್ಲಿನದೋ, ರೋಲರ್‌ನದೋ, ನನ್ನ ಹೆಬ್ಬೆರಳಿನದೋ? ಅದೇ ಗೈಡ್‌ಗೆ ಒಂದು ಇಂಚಿನ ಉಳಿ ಸಿಕ್ಕಿಸಿ ಅದೇ ಕಲ್ಲಿನ ಮೇಲೆ ಎಳೆದು ನೋಡಿದೆ. ಉಳಿ ನೇರವಾಗಿ ಬಂತು. ಕಲ್ಲು ಅದೇ, ರೋಲರ್ ಅದೇ, ಹೆಬ್ಬೆರಳೂ ಅದೇ. ಬದಲಾದದ್ದು ಕೂರುವ ಜಾಗ ಮಾತ್ರ. ಹಾಗಾಗಿ ಅನುಮಾನ ಮೇಲಿನ ಮೆಟ್ಟಿಲಿನ ಮೇಲೆ ಬಿತ್ತು.

ಆದರೆ ಅಲಗನ್ನು ಇಟ್ಟು ನೋಡಿದರೆ ಮೆಟ್ಟಿಲಿನ ಮೇಲೆ ಒಂದಿಷ್ಟೂ ಅಲ್ಲಾಡುವುದಿಲ್ಲ. ಮೂಲೆಮಟ್ಟಕ್ಕೂ ಸರಿಯಾಗಿದೆ. ಎರಡು ದಿನ ನಾನು ಇಲ್ಲೇ ಸುತ್ತಿದೆ. ಮೂರನೆಯ ದಿನ ಹೊಳೆಯಿತು: ನಾನು ನೋಡುತ್ತಿದ್ದುದೆಲ್ಲ ತಿರುಪು ಬಿಗಿಯುವ ಮೊದಲು. ಬಿಗಿದ ಮೇಲೆ ಒಮ್ಮೆಯೂ ನೋಡಿರಲಿಲ್ಲ.

ಜೇಬಿನಲ್ಲಿದ್ದ ಬಸ್ ಟಿಕೆಟನ್ನು ಎರಡು ಪಟ್ಟಿಯಾಗಿ ಹರಿದೆ. ಈಗ ನೀವು ನೋಡುತ್ತಿರುವುದು ಅದೇ. ಎರಡು ಮೆಟ್ಟಿಲಿನ ಮೇಲೂ ಒಂದೊಂದು ಚೂರು, ಅದರ ಮೇಲೆ ಅಲಗು. ಬೆರಳಿನಿಂದ ಒತ್ತಿ ಹಿಡಿದಾಗ ಎರಡೂ ಚೂರುಗಳು ಜಗ್ಗಿದರೂ ಬರುವುದಿಲ್ಲ. ಈಗ ತಿರುಪು ಬಿಗಿಯುತ್ತೇನೆ. ಬಲಗಡೆಯದು ಹಾಗೇ ಇದೆ. ಎಡಗಡೆಯದು, ನೋಡಿ, ಬೆಣ್ಣೆಯಿಂದ ಕೂದಲು ತೆಗೆದಂತೆ ಬಂದುಬಿಟ್ಟಿತು. ಬಿಗಿಯುವಾಗ ಅಲಗಿನ ಎಡ ಪಕ್ಕ ಮೇಲಕ್ಕೆ ಏರುತ್ತಿದೆ.

ಏಕೆ ಏರುತ್ತಿದೆ ಎಂಬುದನ್ನು ಭೂತಕನ್ನಡಿ ತೋರಿಸಿತು. ಮೆಟ್ಟಿಲೂ ಅದರ ಗೋಡೆಯೂ ಸೇರುವ ಮೂಲೆಯಲ್ಲಿ ಬಣ್ಣ ದಪ್ಪಗೆ ಕಟ್ಟಿಕೊಂಡಿದೆ. ಮೂಲೆ ಮೂಲೆಯಾಗಿ ಉಳಿದಿಲ್ಲ, ಬಟ್ಟಲಿನ ಒಳಮೈಯಂತೆ ಗುಂಡಗಾಗಿದೆ. ದವಡೆ ಸಡಿಲವಾಗಿರುವಾಗ ಅಲಗು ಆ ಗುಂಡು ಜಾಗಕ್ಕೆ ತಾಗುವುದೇ ಇಲ್ಲ. ದವಡೆ ಹತ್ತಿರ ಬಂದಾಗ ಅಲಗಿನ ಚೂಪು ಅಂಚು ಅದನ್ನು ಹತ್ತುತ್ತದೆ. ಎಡಗಡೆ ಬಣ್ಣ ಹೆಚ್ಚು, ಅಲ್ಲಿ ಏರುವುದೂ ಹೆಚ್ಚು.

ಮದ್ದು ಸುಲಭವಾಗಿತ್ತು. ಹಳೆಯ ಚಾಕುವಿನ ತುದಿಯಿಂದ ಬಣ್ಣ ಕೆರೆದು ತೆಗೆದೆ. ನಂತರ ಸಣ್ಣ ಮೂರು ಮೂಲೆಯ ಅರದ ಏಣನ್ನು ಆ ಮೂಲೆಯಲ್ಲಿ ಓಡಿಸಿ, ಕೂದಲೆಳೆಯಷ್ಟು ಆಳದ ಒಂದು ಗೆರೆ ಮಾಡಿದೆ. ಇನ್ನು ಅಲಗಿನ ಅಂಚಿಗೆ ಹತ್ತಲು ಏನೂ ಇಲ್ಲ. ಇಲ್ಲಿ ಆತುರ ಬೇಡ. ದವಡೆ ಮೃದುವಾದ ಎರಕದ ಲೋಹ, ಅರ ಅದನ್ನು ಬೇಗ ತಿನ್ನುತ್ತದೆ. ನಾಲ್ಕು ಬಾರಿ ಎಳೆಯುವುದು, ಬಿಗಿಯುವುದು, ಟಿಕೆಟ್ ಚೂರು ಜಗ್ಗಿ ನೋಡುವುದು. ಐದನೆಯ ಸುತ್ತಿಗೆ ಎರಡೂ ಚೂರುಗಳು ಗಟ್ಟಿಯಾಗಿ ನಿಂತವು.

ಮತ್ತೆ ಕಪ್ಪು ಬಳಿದು ಎಳೆದೆ. ಈ ಸಲ ಅಂಚಿನ ಉದ್ದಕ್ಕೂ ಒಂದೇ ಸಮನಾದ ಬಿಳಿ ಗೆರೆ. ನಡುವೆ ಮಾತ್ರ ಸ್ವಲ್ಪ ಕಪ್ಪು ಉಳಿಯಿತು. ಅದು ಗೈಡ್‌ನ ತಪ್ಪಲ್ಲ, ಕಲ್ಲಿನ ನಡುಭಾಗ ಸವೆದು ತಗ್ಗಾಗಿದೆ. ಒಂದು ಇಂಚಿನ ಉಳಿಗೆ ಗೊತ್ತಾಗದ ತಗ್ಗು ಎರಡು ಇಂಚಿನ ಅಲಗಿಗೆ ಗೊತ್ತಾಯಿತು. ದಪ್ಪ ಗಾಜಿನ ಮೇಲೆ ಒರಟು ವಾಟರ್ ಪೇಪರ್ ಹಾಸಿ, ಕಲ್ಲಿನ ಮೇಲೆ ಪೆನ್ಸಿಲ್ ಗೆರೆ ಎಳೆದು, ಗೆರೆ ಅಳಿಯುವವರೆಗೂ ಉಜ್ಜಿದೆ. ಬೇಸರದ ಕೆಲಸ, ಅದರ ಚಿತ್ರಣವನ್ನು ಕತ್ತರಿಸಿ ತೆಗೆದಿದ್ದೇನೆ.

ಸಂಜೆ ನಮ್ಮ ಬೀದಿಯ ಆಚಾರಿಯವರು ಬಂದರು. ಗೈಡನ್ನು ತಿರುಗಿಸಿ ನೋಡಿ, "ಮೇಷ್ಟ್ರೇ, ನನ್ನದನ್ನೂ ಇದರಲ್ಲಿ ಹಿಡಿಸಿ ನೋಡೋಣ" ಎಂದು ತಮ್ಮ ಮರದ ಕೀಸುಳಿಯ ಅಲಗು ಕೊಟ್ಟರು. ಹಿಡಿಯಲಿಲ್ಲ. ಅವರ ಅಲಗಿನ ಎರಡು ಪಕ್ಕಗಳು ಒಂದಕ್ಕೊಂದು ಸಮಾನಾಂತರವಾಗಿಲ್ಲ, ಮೇಲಕ್ಕೆ ಹೋದಂತೆ ಕಿರಿದಾಗುತ್ತದೆ. ಪಕ್ಕದಿಂದ ಹಿಡಿಯುವ ಗೈಡ್‌ಗೆ ಅಂಥ ಅಲಗು ದಕ್ಕುವುದಿಲ್ಲ, ಬಿಗಿದಷ್ಟೂ ತಿರುಗುತ್ತದೆ. ಅವರು ಅಲಗು ವಾಪಸು ತೆಗೆದುಕೊಂಡು, ನಾನು ಆಗಷ್ಟೇ ಸಮ ಮಾಡಿದ ಕಲ್ಲಿನ ಮೇಲೆ ಕೈಯಲ್ಲೇ ಮಸೆಯತೊಡಗಿದರು. ಸರಿಯಾಗಿ ನಡುಭಾಗದಲ್ಲಿ.

ಕಲ್ಲನ್ನು ನಾಳೆ ಮತ್ತೆ ನೋಡಬೇಕು.