ಒಂದೇ ಸೊನ್ನೆ, ಮೂರು ಬೇರೆ ತಪ್ಪು
(ಅಕ್ಕಪಕ್ಕದ ಶಾಲೆಗಳ ಗುಂಪಾದ ಕ್ಲಸ್ಟರಿನ ಶಿಕ್ಷಕರ ಸಮಾಲೋಚನಾ ಸಭೆಯಲ್ಲಿ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ದಸರಾ ರಜೆ ಮುಗಿಯಿತು. ಮೊದಲ ಸಂಕಲನಾತ್ಮಕ ಮೌಲ್ಯಮಾಪನದ, ಅಂದರೆ ಅರ್ಧವಾರ್ಷಿಕ ಪರೀಕ್ಷೆಯ, ಅಂಕಗಳು ಇಲಾಖೆಯ ಆನ್‌ಲೈನ್ ದಾಖಲೆ ಸ್ಯಾಟ್ಸ್‌ಗೆ ಏರಿವೆ, ಉತ್ತರ ಪತ್ರಿಕೆಗಳ ಕಟ್ಟು ಬೀರು ಸೇರಿದೆ. ಆ ಕಟ್ಟನ್ನು ಬೀರುವಿನಿಂದ ಹೊರಗೆ ತೆಗೆಯಿರಿ ಎಂದು ಕೇಳಿಕೊಳ್ಳಲಿಕ್ಕೇ ನಾನು ನಿಂತಿರುವುದು. ಯಾವ ಮಗು ಹಿಂದಿದೆ ಎಂದು ಅಂಕಪಟ್ಟಿ ಹೇಳುತ್ತದೆ. ಯಾಕೆ ಹಿಂದಿದೆ ಎಂಬುದು ಪತ್ರಿಕೆಯಲ್ಲಿ ಮಾತ್ರ ಸಿಗುತ್ತದೆ.

ಬೋರ್ಡಿನ ಮೇಲೆ ಒಂದು ಲೆಕ್ಕ ಬರೆದಿದ್ದೇನೆ: 402ರಿಂದ 178 ಕಳೆಯಿರಿ. ಮೊದಲೇ ಕೇಳಿದವರು ಸಹಿಸಿಕೊಳ್ಳಬೇಕು, ಈ ಮಾತಿಗೆ ಇದಕ್ಕಿಂತ ಒಳ್ಳೆಯ ಲೆಕ್ಕ ನನಗೆ ಸಿಕ್ಕಿಲ್ಲ. ಸರಿಯುತ್ತರ 224. ಒಂದು ಮಗು 376 ಬರೆಯುತ್ತದೆ, ಇನ್ನೊಂದು 234, ಮತ್ತೊಂದು 300. ಮೂವರಿಗೂ ಕೆಂಪು ಪೆನ್ನಿನ ಸೊನ್ನೆ. ಪರಿಹಾರ ಬೋಧನೆಗೆ ಮೂವರನ್ನೂ ಒಂದೇ ಸಾಲಿನಲ್ಲಿ ಕೂರಿಸಿ ಅದೇ ಪಾಠವನ್ನು ಇನ್ನೂ ನಿಧಾನವಾಗಿ ಮಾಡುತ್ತೇವೆ. ಕೆಲಸ ಕೆಡುವುದು ಇಲ್ಲೇ.

376 ಬರೆದ ಮಗು ಪ್ರತಿ ಮನೆಯಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆದಿದೆ. 8ರಿಂದ 2 ಹೋದರೆ 6, 7ರಿಂದ 0 ಹೋದರೆ 7, 4ರಿಂದ 1 ಹೋದರೆ 3. ಮೇಲಿನ ಸಂಖ್ಯೆ ಯಾವುದು, ಕೆಳಗಿನದು ಯಾವುದು ಎಂಬ ಗೊಡವೆಯೇ ಇಲ್ಲ. ಅದಕ್ಕೆ ಸಾಲ ತೆಗೆಯುವ ಕ್ರಮ ಹೇಳಿಕೊಡುವ ಮುಂಚೆ ಅಂದಾಜು ಕೇಳಿ: ‘ನಾನೂರು ಚಿಲ್ಲರೆಯಲ್ಲಿ ನೂರೆಪ್ಪತ್ತೆಂಟು ಖರ್ಚಾದ ಮೇಲೆ ಮುನ್ನೂರ ಎಪ್ಪತ್ತಾರು ಹೇಗಪ್ಪ ಉಳಿಯುತ್ತೆ?’

234 ಬರೆದ ಮಗುವಿಗೆ ದಶಕ ಸಹಿತ, ಅಂದರೆ ಪಕ್ಕದ ಮನೆಯಿಂದ ಸಾಲ ತೆಗೆದು, ಕಳೆಯುವುದು ಬಹುಪಾಲು ಬಂದಿದೆ. ನೂರರ ಮನೆಯಿಂದ ಒಂದು ತೆಗೆದು ಹತ್ತರ ಮನೆಯಲ್ಲಿ 10 ಇಟ್ಟಿತು. ಬಿಡಿಗೆ ಒಂದು ಹತ್ತು ಕೊಟ್ಟ ಮೇಲೆ ಅಲ್ಲಿ 9 ಉಳಿಯಬೇಕಿತ್ತು, ಅದನ್ನು ಮರೆತು 10 ಎಂದೇ ಇಟ್ಟುಕೊಂಡಿತು. ಇದಕ್ಕೆ ಆಟದ ನೋಟು ಸಾಕು. ನೂರರ ನಾಲ್ಕು ನೋಟು, ಒಂದು ರೂಪಾಯಿಯ ಎರಡು ನಾಣ್ಯ ಕೊಡಿ, ಹತ್ತರ ನೋಟು ಮಾತ್ರ ಬೇಡ. 178 ಕೊಡು ಎನ್ನಿ. ನೂರನ್ನು ಮುರಿಸಿ ಹತ್ತು ಹತ್ತರ ನೋಟು, ಅದರಲ್ಲಿ ಒಂದನ್ನು ಮುರಿಸಿ ಹತ್ತು ನಾಣ್ಯ. ಕೈಯಲ್ಲಿ ಹತ್ತರ ನೋಟು ಒಂಬತ್ತೇ ಇರುವುದು ಮಗುವಿಗೇ ಕಾಣುತ್ತದೆ. ಆಮೇಲೆ 234ಕ್ಕೆ 178 ಕೂಡಿಸಲಿ. 412 ಬಂದಾಗ, ಹೆಚ್ಚಾದ ಹತ್ತು ಎಲ್ಲಿಯದು ಎಂದು ತಾನೇ ಹುಡುಕುತ್ತದೆ.

300 ಬರೆದ ಮಗುವಿನ ನಿಯಮ ಬೇರೆ. ‘2ರಿಂದ 8 ಹೋಗಲ್ಲ, ಸೊನ್ನೆ. 0ಯಿಂದ 7 ಹೋಗಲ್ಲ, ಸೊನ್ನೆ.’ ಈ ಮಗು ಬಿಡಿ ಕಡ್ಡಿ, ಹತ್ತು ಕಡ್ಡಿಯ ಕಟ್ಟು ಎಣಿಸುವ ಹಂತಕ್ಕೆ ವಾಪಸು ಹೋಗಬೇಕು, ಎರಡಂಕಿಯ ಲೆಕ್ಕದಿಂದ ಶುರು ಮಾಡಬೇಕು. ಮೂವರಿಗೆ ಮೂರು ಪಾಠ. ಅಂಕ ಮಾತ್ರ ಒಂದೇ.

ಈ ಕೆಲಸಕ್ಕೆ ಒಬ್ಬರ ಕಣ್ಣು ಸಾಲದು. ಎರಡು ಮೂರು ಜನರಿರುವ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಾಲ್ಕನೇ ತರಗತಿಯ ಗಣಿತದ ಬಗ್ಗೆ ಮಾತಾಡಲು ಪಕ್ಕದಲ್ಲಿ ಯಾರಿರುತ್ತಾರೆ? ಅದಕ್ಕೇ ಕ್ಲಸ್ಟರ್ ಬೇಕು. ಒಂದೇ ತರಗತಿಯ ನಾಲ್ಕೈದು ಶಿಕ್ಷಕರು ಒಂದು ಮೇಜಿಗೆ ಕೂರಿ. ಇಡೀ ಪತ್ರಿಕೆ ಬೇಡ, ಬಹಳ ಮಕ್ಕಳು ಎಡವಿದ ಎರಡೇ ಪ್ರಶ್ನೆ ಆರಿಸಿ. ಒಂದು ಹಾಳೆಯಲ್ಲಿ ಚೌಕಗಳ ಪಟ್ಟಿ ಎಳೆಯಿರಿ: ಎಡಕ್ಕೆ ಮಕ್ಕಳ ಕ್ರಮಸಂಖ್ಯೆ, ಮೇಲೆ ಪ್ರಶ್ನೆ. ಒಳಗಿನ ಚೌಕದಲ್ಲಿ ಸರಿ-ತಪ್ಪಿನ ಗುರುತು ಹಾಕಬೇಡಿ, ಮಗು ಬರೆದ ಉತ್ತರವನ್ನೇ ಬರೆಯಿರಿ. ಖಾಲಿ ಬಿಟ್ಟಿದ್ದರೆ ‘ಖಾಲಿ’ ಎಂದು ಬರೆಯಿರಿ, ಖಾಲಿಯೂ ತಪ್ಪುತ್ತರವೂ ಒಂದಲ್ಲ. ಪಟ್ಟಿ ತುಂಬಿದ ಮೇಲೆ ಒಂದೇ ಉತ್ತರ ಬರೆದವರ ಪತ್ರಿಕೆಗಳನ್ನು ಒಂದೊಂದು ಗುಂಪಾಗಿ ಇಡಿ. ಯಾವ ಗುಂಪಿಗೂ ಸೇರದವು ಕೆಲವು ಉಳಿಯುತ್ತವೆ. ಅವಕ್ಕೆ ಕಾರಣ ಊಹಿಸಬೇಡಿ, ನಾಳೆ ಆ ಮಗುವನ್ನೇ ಕರೆದು ‘ಹೇಗೆ ಮಾಡಿದೆ, ಹೇಳು’ ಎಂದು ಕೇಳಿ.

ಕೆಡುವ ಜಾಗ ಇನ್ನೂ ಇವೆ. ದೊಡ್ಡದು ಹೋಲಿಕೆ. ‘ನಿಮ್ಮ ಶಾಲೆಯಲ್ಲಿ ಇಷ್ಟು ಜನ, ನಮ್ಮಲ್ಲಿ ಅಷ್ಟು’ ಎಂಬ ಮಾತು ಬಂದ ಕ್ಷಣ ಎಲ್ಲರೂ ಪತ್ರಿಕೆ ಮುಚ್ಚಿಕೊಳ್ಳುತ್ತಾರೆ. ಆದ್ದರಿಂದ ಎಲ್ಲ ಶಾಲೆಯ ಪತ್ರಿಕೆಗಳನ್ನು ಕಲಸಿಬಿಡಿ, ಶಾಲೆಯ ಹೆಸರಿರುವ ತುದಿಯನ್ನು ಮಡಚಿ. ಸಿಆರ್‌ಪಿಯವರಲ್ಲಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳಲ್ಲಿ) ನನ್ನ ವಿನಂತಿ: ಈ ಪಟ್ಟಿಯನ್ನು ವರದಿಯಾಗಿ ಕೇಳಬೇಡಿ. ವರದಿಗೆಂದು ಬರೆದ ಪಟ್ಟಿಯಲ್ಲಿ ತಪ್ಪುಗಳು ಮಾಯವಾಗುತ್ತವೆ, ಆಮೇಲೆ ನೋಡಲಿಕ್ಕೆ ಏನೂ ಉಳಿಯುವುದಿಲ್ಲ.

ಪತ್ರಿಕೆ ಮಗುವಿನ ಕೈಗೆ ಮರಳುವಾಗ ಅದರ ಮೇಲೆ ಏನಿರಬೇಕು? ಇಸ್ರೇಲಿನ ಶಿಕ್ಷಣ ಸಂಶೋಧಕಿ ರೂತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಟಿಪ್ಪಣಿ ಮಾತ್ರ ಪಡೆದ ಮಕ್ಕಳು ಮುಂದೆ ಬಂದರು. ಟಿಪ್ಪಣಿಯ ಜೊತೆ ಅಂಕವನ್ನೂ ಪಡೆದವರಿಗೆ ಆ ಲಾಭ ಸಿಗಲಿಲ್ಲ. ಅಂಕ ರಿಜಿಸ್ಟರಿನಲ್ಲಿ ಹೇಗೂ ಇದೆ. ಪತ್ರಿಕೆಯಲ್ಲಿ ‘ಹತ್ತರ ಮನೆ ಮತ್ತೆ ನೋಡು’ ಎಂದಿರಲಿ.

ಚಹಾ ಬಂದಿದೆ ಎಂದು ಹಿಂದಿನ ಸಾಲಿನ ಮುಖಗಳೇ ಹೇಳುತ್ತಿವೆ. ಕನ್ನಡದ ಉಕ್ತಲೇಖನಕ್ಕೂ ಇದೇ ಮಾತು. ‘ಅಕ್ಕಿ’ಯನ್ನು ‘ಅಕಿ’ ಎಂದು ಬರೆಯುವ ಮಗುವಿಗೆ ಒತ್ತು ಕಿವಿಗೇ ಬಿದ್ದಿಲ್ಲದಿರಬಹುದು. ‘ಅಕ್ಕಿ’ ಸರಿಯಾಗಿ ಬರೆದು ‘ರಾತ್ರಿ’ಯಲ್ಲಿ ಎಡವುವ ಮಗುವಿಗೆ ತೊಡಕು ವಿಜಾತೀಯ ಒತ್ತಿನದು, ಅಂದರೆ ಒಂದು ಅಕ್ಷರಕ್ಕೆ ಬೇರೆ ಅಕ್ಷರದ ಒತ್ತು ಬರುವುದು. ಪ್ರಬಂಧದ ವಿಷಯಕ್ಕೆ ಸಮಯವಿಲ್ಲ. ಇಷ್ಟೇ ಹೇಳುತ್ತೇನೆ: ಒಂದೇ ಪ್ರಬಂಧವನ್ನು ಮೂವರು ಬೇರೆ ಬೇರೆ ಮೌಲ್ಯಮಾಪನ ಮಾಡಿ, ಅಂಕ ಹೊಂದದಿದ್ದರೆ ಮೊದಲು ಯಾವುದಕ್ಕೆ ಎಷ್ಟು ಎಂದು ಒಪ್ಪಿಕೊಳ್ಳಿ.

ಕೊನೆಯದು ಮರುಪರೀಕ್ಷೆ. ಪಾಠ ಬದಲಿಸಿ ಒಂದು ವಾರವಾದ ಮೇಲೆ ಮೂರೇ ಲೆಕ್ಕ ಕೊಡಿ: 731ರಿಂದ 458, 640ರಿಂದ 285, 503ರಿಂದ 267. ಮೊದಲನೆಯದರಲ್ಲಿ ಸೊನ್ನೆ ಇಲ್ಲ, ಎರಡನೆಯದರಲ್ಲಿ ಬಿಡಿಯ ಮನೆಯಲ್ಲಿದೆ, ಮೂರನೆಯದರಲ್ಲಿ ನಡುವೆ ಇದೆ. ಕೊನೆಯದಕ್ಕೆ ಯಾರಾದರೂ 246 ಬರೆದರೆ ಆ ಮಗುವಿಗೆ ನೋಟಿನ ಪಾಠ ಇನ್ನೊಂದು ಸಲ ಬೇಕು. ಆ ಹಾಳೆಗಳನ್ನು ಮುಂದಿನ ಸಭೆಗೆ ತನ್ನಿ. ಈಗ ಚಹಾ ಕುಡಿದು ನಾಲ್ಕನೇ ತರಗತಿಯವರು ಕಿಟಕಿ ಪಕ್ಕದ ಮೇಜಿಗೆ, ಐದನೆಯವರು ಬಾಗಿಲ ಹತ್ತಿರದ ಮೇಜಿಗೆ ಬನ್ನಿ. ಹಾಳೆ, ಸ್ಕೇಲು ಅಲ್ಲೇ ಇಟ್ಟಿದ್ದೇವೆ.