ಗಂಡನ ರಿಪೋರ್ಟ್ ಎಲ್ಲಿ?

ಕೇಳುಗರಿಗೆ ನಮಸ್ಕಾರ. ಮಕ್ಕಳಾಗದವರ ಚಿಕಿತ್ಸೆಯಲ್ಲಿ ಯಾವುದಕ್ಕೆ ಹಾಕಿದ ದುಡ್ಡು ಫಲ ಕೊಡುತ್ತೆ ಅಂತ ಹೇಳೋಕೆ ಕರೆದಿದ್ದಾರೆ.

ಸಂತೆಯಲ್ಲಿ 20 ರೂಪಾಯಿಗೊಂದು ತೆಂಗಿನಕಾಯಿ ತರ್ತೀರಿ. ಒಡೆದರೆ ಎರಡರಲ್ಲಿ ಒಂದು ಕೊಳೆತದ್ದು. ಅಂದರೆ ಒಳ್ಳೆಯ ಕಾಯಿ ನಿಮಗೆ ಬಿದ್ದದ್ದು 40ಕ್ಕೆ. ಚಿಕಿತ್ಸೆಯ ಲೆಕ್ಕವೂ ಇಷ್ಟೇ. ಒಂದು ಸಲಕ್ಕೆ ಎಷ್ಟು ಅಂತಲ್ಲ, ಮಗು ಮಡಿಲಿಗೆ ಬರೋ ಹೊತ್ತಿಗೆ ಒಟ್ಟು ಎಷ್ಟು ಅಂತ ಕೇಳಿ.

ಈ ಲೆಕ್ಕದಲ್ಲಿ ಮೊದಲ ಖರ್ಚು ಗಂಡನ ವೀರ್ಯ ಪರೀಕ್ಷೆ. ಕೆಲವೇ ನೂರು ರೂಪಾಯಿ. ಸೂಜಿಯಿಲ್ಲ, ಕೊಯ್ಯೋದಿಲ್ಲ. ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಸಿನಲ್ಲೂ ತೊಂದರೆ ಇರುತ್ತೆ.

ಹೋದ ಮಳೆಗಾಲದಲ್ಲಿ ಒಬ್ಬ ಹೆಣ್ಣುಮಗಳು ಅತ್ತೆಯ ಜೊತೆ ಬಂದಳು. ಮದುವೆಯಾಗಿ 9 ವರ್ಷ. ಅತ್ತೆಯ ಕೈಯಲ್ಲಿ ಬಟ್ಟೆ ಅಂಗಡಿ ಚೀಲ, ಅದರ ತುಂಬ ರಿಪೋರ್ಟು. ಸ್ಕ್ಯಾನುಗಳು, ಥೈರಾಯ್ಡ್, ಗರ್ಭನಾಳದ ಎಕ್ಸ್‌ರೇ, ಹೊಟ್ಟೆಯೊಳಗೆ ಕ್ಯಾಮೆರಾ ಬಿಟ್ಟು ನೋಡಿದ್ದು ಬೇರೆ. ಎಲ್ಲ ನಾರ್ಮಲ್. ಮೇಜಿನ ತುಂಬ ಹರಡಿ, "ಮಗನ ರಿಪೋರ್ಟ್ ಎಲ್ಲಮ್ಮ?" ಅಂದೆ. ಆಕೆಗೆ ಸಿಟ್ಟೇ ಬಂತು. "ಅವನಿಗೇನಾಗಿದೆ ಡಾಕ್ಟ್ರಮ್ಮಾ? ಭತ್ತದ ಮೂಟೆ ಒಬ್ಬನೇ ಅಟ್ಟಕ್ಕೇರಿಸ್ತಾನೆ!" ಮೂಟೆ ಎತ್ತೋ ತೋಳಿಗೂ ವೀರ್ಯಾಣುವಿಗೂ ಏನು ಸಂಬಂಧ, ನೀವೇ ಹೇಳಿ. ಸೊಸೆ ತಲೆ ತಗ್ಗಿಸಿ ಬಳೆ ತಿರುಗಿಸ್ತಾ ಕೂತಿದ್ದಳು.

ಮೂರು ಸಲ ಹೇಳಿ ಕಳಿಸಿದ ಮೇಲೆ ಆತ ಬಂದ. ಪರೀಕ್ಷೆ ಮಾಡಿಸಿದೆ, ಖಾತ್ರಿಗೆ ಇನ್ನೊಮ್ಮೆ ಮಾಡಿಸಿದೆ. ವೀರ್ಯಾಣು ಸೊನ್ನೆ. ಇಂಥವರಲ್ಲೂ ಎಷ್ಟೋ ಸಲ ವೃಷಣದಿಂದಲೇ ವೀರ್ಯಾಣು ತೆಗೆದು, ಪ್ರಯೋಗಾಲಯದಲ್ಲಿ ಅಂಡಕ್ಕೆ ಸೇರಿಸಬಹುದು. ಆದರೆ ಅದಕ್ಕೆ ಹೆಂಗಸಿನ ವಯಸ್ಸು ಕೂಡಿಬರಬೇಕು. ಮದುವೆಯಾದಾಗ ಆಕೆಗೆ 28. ನನ್ನ ಹತ್ತಿರ ಬಂದಾಗ 37. ಎರಡೆಳೆ ಸರ ಆಗಲೇ ಮಾರಿಯಾಗಿತ್ತು. ಮೊದಲ ವರ್ಷವೇ ಕೆಲವು ನೂರು ರೂಪಾಯಿ ಖರ್ಚು ಮಾಡಿದ್ದರೆ!

ಅಯ್ಯೋ, ಇದರಲ್ಲೇ ಹೊತ್ತು ಹೋಯಿತು. ಬೇಗ ಹೇಳಿಬಿಡ್ತೀನಿ. ಪಿಸಿಒಎಸ್ ಅಂದರೆ ಹಾರ್ಮೋನು ಹದ ತಪ್ಪಿ ಅಂಡ ಸರಿಯಾಗಿ ಬಿಡುಗಡೆಯಾಗದ ತೊಂದರೆ. ಅದಿದ್ದು ಮುಟ್ಟು ಏರುಪೇರಾದವರಿಗೆ ಅಂಡ ಬಿಡುಗಡೆ ಮಾಡಿಸೋ ಲೆಟ್ರೋಝೋಲ್ ಮಾತ್ರೆ, ತಿಂಗಳಿಗೆ 5 ದಿನ. 2014ರಲ್ಲಿ ಅಮೆರಿಕದಲ್ಲಿ 750 ಮಹಿಳೆಯರ ಅಧ್ಯಯನ ಪ್ರಕಟವಾಯಿತು. ಈ ಮಾತ್ರೆ ತಗೊಂಡ ನೂರರಲ್ಲಿ 27 ಮಂದಿಗೆ ಮಗುವಾಯಿತು, ಇದೇ ಕೆಲಸದ ಹಳೆಯ ಮಾತ್ರೆ ಕ್ಲೋಮಿಫೀನ್‌ನಲ್ಲಿ 19. ಪ್ರಯೋಗಾಲಯದಲ್ಲಿ ಭ್ರೂಣ ಮಾಡಿ ಗರ್ಭಕೋಶಕ್ಕೆ ಬಿಡೋ ಐವಿಎಫ್‌ಗೆ ಲಕ್ಷಗಟ್ಟಲೆ ಆಗುವಾಗ ಇದು ಚಿಲ್ಲರೆ ಕಾಸು. ಆದರೆ ಎರಡೂ ಗರ್ಭನಾಳ ಮುಚ್ಚಿಹೋಗಿದ್ದರೆ ಮಾತ್ರೆ, ವೀರ್ಯವನ್ನ ನೇರ ಗರ್ಭಕೋಶಕ್ಕೆ ಬಿಡೋ ಐಯುಐ ಎಲ್ಲ ದಂಡ. ಅಂಥವರಿಗೆ ನೇರ ಐವಿಎಫ್ಫೇ ಅಗ್ಗ. ತೋಟ ಅಡವಿಡೋ ಮುಂಚೆ ಮಾತ್ರ ಕೇಳಿ: "ನನ್ನ ವಯಸ್ಸಿನ ನೂರು ಜನರಲ್ಲಿ ಎಷ್ಟು ಜನ ಮಗು ಎತ್ಕೊಂಡು ಮನೆಗೆ ಹೋದರು?" ಬರೀ ಗರ್ಭ ನಿಂತ ಲೆಕ್ಕ ಹೇಳಿದರೆ ಒಪ್ಪಬೇಡಿ.

ಮಗುವಿಗಾಗಿ ಪ್ರಯತ್ನ ಶುರುಮಾಡಿ ಒಂದು ವರ್ಷ ಕಾಯಿರಿ, ಹೆಂಡತಿಗೆ 35 ದಾಟಿದ್ದರೆ ಆರೇ ತಿಂಗಳು. ಆಮೇಲೆ ಇಬ್ಬರೂ ಬನ್ನಿ. ಇಬ್ಬರೂ! ಹಾಂ, ವೀರ್ಯ ಪರೀಕ್ಷೆಗೆ ಮುಂಚೆ 2ರಿಂದ 7 ದಿನ ಗಂಡ-ಹೆಂಡತಿ ದೂರ ಇರಬೇಕು, ಅದನ್ನೇ ಮರೆತಿದ್ದೆ. ನಮಸ್ಕಾರ.