ಗಡಿಯಾರವೂ ಎರಡಾದ ನಾಡು

ಕೇಳುಗರೇ, ನಮಸ್ಕಾರ.

ನೀವೀಗ ರೇಡಿಯೋ ಕೇಳುತ್ತಿದ್ದೀರಿ. ಒಂದು ಗುಂಡಿ ಒತ್ತಿದರೆ ಸಾಕು, ಅಲ್ವಾ? 1990ರ ದಶಕದಲ್ಲಿ, ಅಂತರ್ಯುದ್ಧದ ನಡುವೆ, ಶ್ರೀಲಂಕಾದ ಉತ್ತರ ತುದಿಯ ಜಾಫ್ನಾದಲ್ಲಿ ಸುದ್ದಿ ಕೇಳಬೇಕಾದರೆ ಸೈಕಲ್ ಪೆಡಲ್ ತಿರುಗಿಸಬೇಕಿತ್ತು. ಊರಿಗೆ ಕರೆಂಟ್ ಇಲ್ಲ. ಬ್ಯಾಟರಿ ಸೆಲ್ ತರುವುದಕ್ಕೆ ಸರ್ಕಾರದ ನಿಷೇಧ. ಹಾಗಾಗಿ ಸೈಕಲ್ ತಲೆಕೆಳಗು ನಿಲ್ಲಿಸಿ, ಡೈನಮೋದಿಂದ ರೇಡಿಯೋಗೆ ತಂತಿ ಎಳೆಯುತ್ತಿದ್ದರು. ಒಬ್ಬರು ಪೆಡಲ್ ತಿರುಗಿಸಬೇಕು, ಉಳಿದವರು ಸುತ್ತ ಕೂತು ಕೇಳಬೇಕು. ಕೈ ಸೋತು ನಿಂತರೆ ಸುದ್ದಿಯೂ ನಿಂತಿತು.

ಶ್ರೀಲಂಕಾ ಸರ್ಕಾರಕ್ಕೂ, ತಮಿಳರಿಗೆ ಪ್ರತ್ಯೇಕ ನಾಡು ಕೇಳಿ ಹೋರಾಡಿದ ಎಲ್‌ಟಿಟಿಇ ಅಂದರೆ ತಮಿಳು ಹುಲಿಗಳಿಗೂ ನಡೆದ ಆ ಅಂತರ್ಯುದ್ಧ 1983ರ ಜುಲೈನಲ್ಲಿ ಹೊತ್ತಿಕೊಂಡಿತು, 2009ರ ಮೇ ತಿಂಗಳಲ್ಲಿ ಮುಗಿಯಿತು. ಯಾರು ಎಲ್ಲಿ ಗೆದ್ದರು ಅನ್ನುವುದನ್ನು ಬಹಳ ಜನ ಬರೆದಿದ್ದಾರೆ. ನನ್ನ ಮನಸ್ಸು ಹೋಗುವುದು ಮನೆಗಳ ಕಡೆಗೆ.

ಸೀಮೆಎಣ್ಣೆಯ ವಿಷಯ ನೋಡಿ. ಸಿಗುವುದೇ ಕಷ್ಟ, ಸಿಕ್ಕರೂ ಬೆಂಕಿ ಬೆಲೆ. ಜನ ಖಾಲಿ ಜಾಮ್ ಬಾಟಲಿ ತೆಗೆದುಕೊಂಡರು. ತಳದಲ್ಲಿ ಹತ್ತಿ ಇಟ್ಟು, ಅದು ನೆನೆಯುವಷ್ಟೇ ಎಣ್ಣೆ ಹಾಕಿ, ಸಣ್ಣ ಬತ್ತಿ ನಿಲ್ಲಿಸಿದರು. ಗಾಜಿನ ಒಳಗೇ ಉರಿಯುವುದರಿಂದ ಗಾಳಿಗೆ ಆರುವುದಿಲ್ಲ. ಮಕ್ಕಳು ಪರೀಕ್ಷೆಗೆ ಓದಿದ್ದು ಆ ಬೆಳಕಿನಲ್ಲಿ. ಆ ಪರೀಕ್ಷೆ ನಡೆಸುತ್ತಿದ್ದದ್ದು ಕೊಲಂಬೊದ ಸರ್ಕಾರ!

ಹೌದು, ನನಗೆ ಎಲ್ಲಕ್ಕಿಂತ ಜಾಸ್ತಿ ಕಾಡುವುದು ಇದೇ. ಎಲ್‌ಟಿಟಿಇ ಹಿಡಿತದ ಊರುಗಳಲ್ಲಿ ಎರಡು ಸರ್ಕಾರ ಇದ್ದವು. ಮೇಷ್ಟ್ರಿಗೆ, ಕಚೇರಿ ಗುಮಾಸ್ತನಿಗೆ ಸಂಬಳ ಕೊಲಂಬೊದಿಂದ. ಪೊಲೀಸು, ಕೋರ್ಟು, ತೆರಿಗೆ ಎಲ್‌ಟಿಟಿಇಯದು. ಊರು ಬಿಟ್ಟು ಹೊರಗೆ ಹೋಗಬೇಕಾದರೆ ಅವರ ಪಾಸ್ ಬೇಕು. ಮಗ, ಮಗಳು ಬೆಳೆದು ನಿಂತರೆ ತಾಯಿಗೆ ನಿದ್ದೆ ಇಲ್ಲ, ಯಾವಾಗ ಪಡೆಗೆ ಎಳೆದುಕೊಂಡು ಹೋಗುತ್ತಾರೋ ಎಂದು. 1990ರ ಅಕ್ಟೋಬರ್‌ನಲ್ಲಿ ಜಾಫ್ನಾ ಪಟ್ಟಣದ ಮುಸ್ಲಿಮರಿಗೆ ಮನೆ ಬಿಡಲು ಅವರು ಕೊಟ್ಟ ಸಮಯ ಎರಡೇ ಗಂಟೆ.

ಸಮಯ ಅಂದೆನಲ್ಲ, ಅದೂ ಒಂದಾಗಿ ಉಳಿಯಲಿಲ್ಲ. 1996ರಲ್ಲಿ ಸರ್ಕಾರ ಗಡಿಯಾರವನ್ನು ಮುಂದಕ್ಕೆ ತಿರುಗಿಸಿತು. ಎಲ್‌ಟಿಟಿಇ ಒಪ್ಪಲಿಲ್ಲ, ಹಳೆಯ ಗಂಟೆಯನ್ನೇ ಇಟ್ಟುಕೊಂಡಿತು. ಕದನವಿರಾಮದ ನಂತರ 2002ರಲ್ಲಿ ಜಾಫ್ನಾಕ್ಕೆ ಹೋಗುವ ಎ9 ಹೆದ್ದಾರಿ ತೆರೆದಾಗ, ತಪಾಸಣೆ ಗೇಟು ದಾಟಿದರೆ ಅರ್ಧ ಗಂಟೆ ವ್ಯತ್ಯಾಸ. ಅದು ಸರಿಹೋದದ್ದು 2006ರಲ್ಲಿ.

ದಕ್ಷಿಣದವರು ಸುಮ್ನೆ ನೆಮ್ಮದಿಯಾಗಿದ್ದರು ಅಂದುಕೊಳ್ಳಬೇಡಿ. 1996ರ ಜನವರಿಯಲ್ಲಿ ಕೊಲಂಬೊದ ಸೆಂಟ್ರಲ್ ಬ್ಯಾಂಕ್ ಮೇಲೆ ಬಾಂಬ್ ದಾಳಿಯಾಯಿತು, ಸುಮಾರು 90 ಜನ ಸತ್ತರು. ಬಸ್ಸುಗಳಲ್ಲೂ ಬಾಂಬು ಸಿಡಿಯುತ್ತಿದ್ದವು. ಗಂಡ ಹೆಂಡತಿ ಬೇರೆ ಬೇರೆ ಬಸ್ ಹತ್ತುತ್ತಿದ್ದರು. ಒಂದಕ್ಕೆ ಏನಾದರೂ ಆದರೆ ಮಕ್ಕಳಿಗೆ ಒಬ್ಬರಾದರೂ ಉಳಿಯಲಿ ಎಂದು. ಅದೇ ನಗರದ ತಮಿಳರ ಮನೆಯಲ್ಲಿ ಯಾರು ಯಾರಿದ್ದಾರೆ ಎಂದು ಪೊಲೀಸರಿಗೆ ಬರೆದುಕೊಡಬೇಕಿತ್ತು. ಊರಿಂದ ನೆಂಟರು ಬಂದರೆ ಅವರ ಹೆಸರೂ ಸೇರಬೇಕು.

ಯುದ್ಧ ಮುಗಿಯಿತು, ಕಾನೂನು ಹೋಗಲಿಲ್ಲ. ಭಯೋತ್ಪಾದನೆ ತಡೆ ಕಾಯ್ದೆ ತಂದದ್ದು 1979ರಲ್ಲಿ, ಮೂರು ವರ್ಷಕ್ಕೆಂದು. 1982ರಲ್ಲಿ ಅದನ್ನು ಕಾಯಂ ಮಾಡಿದರು. ವಿಚಾರಣೆಯಿಲ್ಲದೆ 18 ತಿಂಗಳು ಒಳಗಿಡಬಹುದಾದ ಆ ಕಾಯ್ದೆ ಯುದ್ಧ ನಿಂತು ಹತ್ತು ವರ್ಷವಾದ ಮೇಲೂ ಇತ್ತು.

ಜಾಫ್ನಾಕ್ಕೆ ರೈಲು 2014ರಲ್ಲಿ ಮತ್ತೆ ಬಂತು. ಉತ್ತರದ ಕಿಳಿನೊಚ್ಚಿ ಪಟ್ಟಣದಲ್ಲಿ 2017ರ ಫೆಬ್ರವರಿಯಿಂದ ತಾಯಂದಿರು ರಸ್ತೆ ಬದಿ ಕೂತರು, ಯುದ್ಧದ ಕಾಲದಲ್ಲಿ ಕಾಣೆಯಾದ ಮಕ್ಕಳ ಫೋಟೋ ಹಿಡಿದು. ಕಾಣೆಯಾದವರ ಮನೆಯವರಿಗೆ ಮರಣ ಪತ್ರದ ಬದಲು ‘ಇಲ್ಲದಿರುವಿಕೆಯ ಪತ್ರ’ ಕೊಡಲು 2016ರಲ್ಲೇ ಕಾನೂನು ಆಗಿದೆ. ಜಮೀನು, ಬ್ಯಾಂಕು, ಪರಿಹಾರದ ಕೆಲಸಕ್ಕೆ ಆ ಪತ್ರ ನಡೆಯುತ್ತದೆ. ತಾಯಂದಿರು ಕೇಳುತ್ತಿರುವುದು ಮಕ್ಕಳು ಎಲ್ಲಿ ಎಂದು.

ನಮಸ್ಕಾರ.